ದುಡಿಯುವವರ ಆರೋಗ್ಯ ಮತ್ತು ಡಾ. ಅಂಬೇಡ್ಕರ್

ಡಾ. ಬಾಬಾಸಾಹೇಬ ಅಂಬೇಡ್ಕರರ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಯಾರೂ ಇಲ್ಲ. ಏಪ್ರಿಲ್ 14ರಂದು ನಾವೆಲ್ಲ ಸೇರಿ ಅವರ ಜಯಂತಿಯನ್ನು ಆಚರಿಸುತ್ತೇವೆ. ಅವರು ನಮ್ಮ ಸಂವಿಧಾನದ ಶಿಲ್ಪಿ ಎಂದು ಭಾಷಣ ಮಾಡುತ್ತೇವೆ. ಅಸ್ಪೃಶ್ಯತೆಯ ವಿರುದ್ಧ ಹೋರಾಡಿದ ಧೀರ ಎಂದು ಪ್ರಬಂಧ ಬರೆಯುತ್ತೇವೆ. ಇವೆಲ್ಲವೂ ನಿಜ. ಆದರೆ ಅವರ ಬದುಕಿನಲ್ಲಿ ನಾಲ್ಕು ವರ್ಷಗಳ ಒಂದು ಅಧ್ಯಾಯವಿದೆ. ಅದು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಗಣಿಯಲ್ಲಿ, ಗಿರಣಿಯಲ್ಲಿ, ಕಾರ್ಖಾನೆಯಲ್ಲಿ ದುಡಿಯುವ ಮನುಷ್ಯನ ದೇಹವನ್ನು, ಅವನ ಉಸಿರನ್ನು, ಅವನ ವಿಶ್ರಾಂತಿಯನ್ನು ಕಾನೂನಿನ ಬೇಲಿ ಹಾಕಿ ಕಾಯಲು ಅವರು ದುಡಿದ ಅಧ್ಯಾಯ ಅದು.

ಈ ವಿಷಯ ನಮಗೆ ದೂರದ್ದಲ್ಲ. ತಾಂಡೂರಿನ ಕಡೆ ಹೋದರೆ ಪರ್ಸಿ ಕಲ್ಲಿನ ಗಣಿಗಳು, ಕಲ್ಲು ಕೊಯ್ಯುವ ಮತ್ತು ಪಾಲಿಶ್ ಮಾಡುವ ಯಂತ್ರಗಳು ಕಾಣುತ್ತವೆ. ಸಿಮೆಂಟಿನ ಕಾರ್ಖಾನೆಗಳು ಕಾಣುತ್ತವೆ. ಜಹೀರಾಬಾದಿನಲ್ಲಿ ಕಾರ್ಖಾನೆಗಳು ಎದ್ದಿವೆ. ನಾರಾಯಣಖೇಡ, ಕಲ್ಹೇರ್ ಭಾಗದಿಂದ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಕಬ್ಬು ಕಡಿಯಲು, ಕಟ್ಟಡದ ಕೆಲಸ ಮಾಡಲು ಊರು ಬಿಟ್ಟು ಹೋಗುತ್ತವೆ. ನಮ್ಮ ಶಾಲೆಯ ಮಕ್ಕಳ ತಂದೆತಾಯಿಗಳಲ್ಲಿ ಇಂಥ ದುಡಿಮೆ ಮಾಡದವರು ವಿರಳ. ಆದ್ದರಿಂದ ಬಾಬಾಸಾಹೇಬರ ಬದುಕನ್ನು ಈ ಒಂದು ಕಿಟಕಿಯಿಂದ ನೋಡುವುದು ನಮ್ಮೆಲ್ಲರಿಗೂ ಉಪಯುಕ್ತವೆಂದು ನಾವು ಭಾವಿಸಿದ್ದೇವೆ.

ಭೀಮರಾವ್ ರಾಮಜಿ ಅಂಬೇಡ್ಕರರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ಎಂಬ ದಂಡಿನ ಊರಿನಲ್ಲಿ. ತಂದೆ ರಾಮಜಿ ಸಕಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದವರು, ಸೈನ್ಯದ ಶಾಲೆಯಲ್ಲಿ ಪಾಠ ಹೇಳಿದವರು. ತಾಯಿ ಭೀಮಾಬಾಯಿ. ಈ ದಂಪತಿಗಳ ಹದಿನಾಲ್ಕನೆಯ ಮಗುವೇ ಭೀಮರಾವ್. ಬಾಲಕನಿಗೆ ಬುದ್ಧಿ ಬರುವ ಮೊದಲೇ ತಾಯಿ ತೀರಿಕೊಂಡರು. ಸಾತಾರೆಯ ಶಾಲೆಯಲ್ಲಿ ಬಾಲಕ ಗೋಣಿತಟ್ಟನ್ನು ಹಾಸಿಕೊಂಡು ಬೇರೆಯಾಗಿ ಕೂರಬೇಕಾಯಿತು. ಬಾಯಾರಿದರೆ ಬೇರೆಯವರು ಎತ್ತರದಿಂದ ನೀರು ಹೊಯ್ಯುವವರೆಗೆ ಕಾಯಬೇಕಾಯಿತು. ಈ ಕಥೆ ನಿಮಗೆಲ್ಲ ಗೊತ್ತಿರುವುದೇ.

ಮುಂದೆ ಈ ಕುಟುಂಬ ಮುಂಬಯಿಗೆ ಬಂದು ಪರೇಲಿನಲ್ಲಿ ನೆಲೆಸಿತು. ಪರೇಲ್ ಎಂದರೆ ಹತ್ತಿ ಗಿರಣಿಗಳ ಕೇಂದ್ರ. ಬೆಳಗಿನ ಭೋಂಗಾ ಕೂಗಿದರೆ ಸಾವಿರಾರು ಜನ ಗಿರಣಿಯ ಬಾಗಿಲಿಗೆ ಧಾವಿಸುತ್ತಿದ್ದರು. ಅವರು ವಾಸಿಸುತ್ತಿದ್ದುದು ಚಾಳುಗಳಲ್ಲಿ. ಒಂದು ಉದ್ದನೆಯ ಕಟ್ಟಡ, ಸಾಲಾಗಿ ಕೋಣೆಗಳು, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಅಡಿಗೆ ಅಲ್ಲಿಯೇ, ಮಲಗುವುದೂ ಅಲ್ಲಿಯೇ, ಓದುವುದೂ ಅಲ್ಲಿಯೇ. ಹೊಗೆ ಹೋಗಲು ದಾರಿಯಿಲ್ಲ, ಗಾಳಿ ಬರಲು ಕಿಟಕಿಯಿಲ್ಲ. ಅಂಥ ಒಂದು ಕೋಣೆಯಲ್ಲಿ, ಮನೆಯವರೆಲ್ಲ ಮಲಗಿದ ಮೇಲೆ ದೀಪದ ಬೆಳಕಿನಲ್ಲಿ ಓದಿ ಭೀಮರಾವ್ ಎಲ್ಫಿನ್‌ಸ್ಟನ್ ಪ್ರೌಢಶಾಲೆಯಲ್ಲಿ ಮೆಟ್ರಿಕ್ ಮುಗಿಸಿದರು, ಅನಂತರ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಪದವೀಧರರಾದರು. ಮುಂದೆ ಬ್ಯಾರಿಸ್ಟರ್ ಆದಮೇಲೂ ಅವರು ಬಹಳ ಕಾಲ ಪರೇಲಿನ ಚಾಳಿನಲ್ಲಿಯೇ ಸಂಸಾರ ಹೂಡಿದ್ದರು. ನಾಲ್ಕು ಮಕ್ಕಳನ್ನು ಎಳೆವಯಸ್ಸಿನಲ್ಲಿಯೇ ಕಳೆದುಕೊಂಡರು. ಪತ್ನಿ ರಮಾಬಾಯಿಯವರು ದೀರ್ಘಕಾಲ ಅನಾರೋಗ್ಯದಿಂದ ನರಳಿ 1935ರಲ್ಲಿ ತೀರಿಕೊಂಡರು. ಗಾಳಿ, ಬೆಳಕು, ಶುದ್ಧ ನೀರು, ವಿಶ್ರಾಂತಿ ಇವು ಇಲ್ಲದಿದ್ದರೆ ಮನುಷ್ಯನ ಗತಿಯೇನೆಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1913ರಲ್ಲಿ ಬಡೋದೆಯ ಮಹಾರಾಜರ ನೆರವಿನಿಂದ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಂದ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರವನ್ನೂ ಕಾನೂನನ್ನೂ ಓದಿದರು. ನಡುವೆ ಹಣವಿಲ್ಲದೆ ಹಿಂದಿರುಗಿ, ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ದುಡಿದು, ಹಣ ಕೂಡಿಸಿ ಮತ್ತೆ ಹೋಗಿ ಓದನ್ನು ಪೂರೈಸಿದರು. 1923ರಲ್ಲಿ ಊರಿಗೆ ಮರಳಿ ವಕೀಲಿ ಹಿಡಿದರು. 1924ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿದರು. 1925ರಲ್ಲಿ ನಮ್ಮ ಕನ್ನಡ ನಾಡಿನ ನಿಪ್ಪಾಣಿಯಲ್ಲಿ ನಡೆದ ಬಹಿಷ್ಕೃತರ ಪರಿಷತ್ತಿಗೆ ಅವರೇ ಅಧ್ಯಕ್ಷರು. ನಿಪ್ಪಾಣಿ ತಂಬಾಕಿನ ಊರು. ತಂಬಾಕಿನ ಘಾಟಿನಲ್ಲಿ, ಬೀಡಿಯ ಕೆಲಸದಲ್ಲಿ ಸಾವಿರಾರು ಹೆಂಗಸರು ದುಡಿದ ಊರು ಎಂಬುದನ್ನು ನಾವು ಇಲ್ಲಿ ನೆನೆಯಬಹುದು.

ಆ ಕಾಲದ ಮುಂಬಯಿ ಗಿರಣಿಗಳ ಒಂದು ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ಗಿರಣಿಯಲ್ಲಿ ನೂಲುವ ಖಾತೆ ಬೇರೆ, ನೇಯುವ ಖಾತೆ ಬೇರೆ. ನೇಯುವ ಖಾತೆಯಲ್ಲಿ ಕೂಲಿ ಹೆಚ್ಚು. ಆದರೆ ಅಸ್ಪೃಶ್ಯರೆನಿಸಿಕೊಂಡವರಿಗೆ ಆ ಖಾತೆಯಲ್ಲಿ ಪ್ರವೇಶವಿರಲಿಲ್ಲ. ಕಾರಣವೇನು ಗೊತ್ತೆ? ಮಗ್ಗದ ಲಾಳಿಯಲ್ಲಿ ನೂಲು ಮುಗಿದಾಗ ಹೊಸ ಕಂಡಿಕೆ ಹಾಕಬೇಕು. ಅದರ ಎಳೆಯನ್ನು ಲಾಳಿಯ ಸಣ್ಣ ತೂತಿನಿಂದ ಹೊರಗೆ ತರಲು ನೇಕಾರ ತೂತಿಗೆ ಬಾಯಿಟ್ಟು ಉಸಿರೆಳೆಯಬೇಕು. ಹೀಗೆ ಒಬ್ಬನ ಎಂಜಲು ಮತ್ತೊಬ್ಬನಿಗೆ ತಗಲುತ್ತದೆ ಎಂಬ ನೆಪ ಹೇಳಿ ಅಸ್ಪೃಶ್ಯರನ್ನು ದೂರವಿಡಲಾಗಿತ್ತು. 1928ರಲ್ಲಿ ಮುಂಬಯಿಯ ಗಿರಣಿಗಳಲ್ಲಿ ದೊಡ್ಡ ಮುಷ್ಕರ ನಡೆದಾಗ, ನೇಯುವ ಖಾತೆಯ ಬಾಗಿಲು ಎಲ್ಲರಿಗೂ ತೆರೆಯಬೇಕೆಂಬ ಬೇಡಿಕೆಯನ್ನು ಅಂಬೇಡ್ಕರರು ಮುಂದಿಟ್ಟರು.

ಇದರಲ್ಲಿ ನಾವು ಗಮನಿಸಬೇಕಾದ ಮಾತು ಇನ್ನೊಂದಿದೆ. ಅದೇ ಲಾಳಿಗೆ ಹತ್ತಾರು ಜನ ಬಾಯಿಡುವುದು ಯಾವ ಜಾತಿಯವನಿಗೂ ಒಳ್ಳೆಯದಲ್ಲ. ಹತ್ತಿಯ ಧೂಳು ಗಂಟಲಿಗೆ ಹೋಗುತ್ತದೆ. ಒಬ್ಬನ ರೋಗ ಇನ್ನೊಬ್ಬನಿಗೆ ಅಂಟುತ್ತದೆ. ಬಾಯಿಡದೆಯೇ ನೂಲು ಪೋಣಿಸುವ ಲಾಳಿಯನ್ನು ಮಾಡುವುದು ಕಷ್ಟದ ಕೆಲಸವೇನೂ ಅಲ್ಲ. ಮುಂದೆ ಅಂಥ ಲಾಳಿಗಳು ಬಂದವು. ಆದರೆ ಸಮಾಜವು ರೋಗಾಣುವನ್ನು ಕಾಣಲಿಲ್ಲ, ಜಾತಿಯನ್ನು ಮಾತ್ರ ಕಂಡಿತು. ಯಂತ್ರವನ್ನು ತಿದ್ದುವ ಬದಲು ಮನುಷ್ಯನನ್ನು ಹೊರಗಿಟ್ಟಿತು.

ಅದೇ 1928ರಲ್ಲಿ ಅಂಬೇಡ್ಕರರು ಮುಂಬಯಿ ಶಾಸನ ಪರಿಷತ್ತಿನ ಸದಸ್ಯರಾಗಿದ್ದರು. ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರಿಗೆ ಹೆರಿಗೆಯ ಕಾಲದಲ್ಲಿ ರಜೆ ಮತ್ತು ಹಣದ ನೆರವು ಸಿಗಬೇಕೆಂಬ ಮಸೂದೆಯನ್ನು ಬೇರೊಬ್ಬ ಸದಸ್ಯರು ಮಂಡಿಸಿದಾಗ ಅವರು ಅದನ್ನು ಬಲವಾಗಿ ಬೆಂಬಲಿಸಿದರು. ತಾಯಿಗೆ ಹೆರಿಗೆಯ ಹಿಂದೆಮುಂದೆ ವಿಶ್ರಾಂತಿ ದೊರೆಯುವುದು ಆಕೆಯೊಬ್ಬಳ ಹಿತವಲ್ಲ, ಇಡೀ ರಾಷ್ಟ್ರದ ಹಿತ ಎಂಬುದು ಅವರ ವಾದದ ತಿರುಳಾಗಿತ್ತು. 1929ರಲ್ಲಿ ಮುಂಬಯಿ ಪ್ರಾಂತದಲ್ಲಿ ಆ ಕಾಯ್ದೆ ಜಾರಿಗೆ ಬಂದಿತು. ಭಾರತದಲ್ಲಿ ಅಂಥ ಕಾಯ್ದೆಗಳಲ್ಲಿ ಅದೇ ಮೊದಲನೆಯದು. 1936ರಲ್ಲಿ ಅವರು ಸ್ವತಂತ್ರ ಕಾರ್ಮಿಕ ಪಕ್ಷವನ್ನು ಕಟ್ಟಿದರು. ಜಾತಿಯ ಸಂಕೋಲೆ ಮತ್ತು ಬಡತನದ ಸಂಕೋಲೆ ಎರಡನ್ನೂ ಕೂಡಿಯೇ ಕಡಿಯಬೇಕೆಂಬುದು ಆ ಪಕ್ಷದ ಹೆಸರಿನಲ್ಲಿಯೇ ಕಾಣುತ್ತದೆ.

ಇಲ್ಲಿ ಸ್ವಲ್ಪ ನಿಂತು, ಕೆಲಸಕ್ಕೂ ಕಾಯಿಲೆಗೂ ಇರುವ ಸಂಬಂಧವನ್ನು ನೋಡೋಣ. 1700ರಲ್ಲಿ ಇಟಲಿಯ ರಾಮಜ್ಜಿನಿ ಎಂಬ ವೈದ್ಯರು ಕಸುಬುಗಳಿಂದ ಬರುವ ರೋಗಗಳನ್ನು ಕುರಿತು ಒಂದು ದೊಡ್ಡ ಗ್ರಂಥ ಬರೆದರು. ಕುಂಬಾರ, ಕಮ್ಮಾರ, ನೇಕಾರ, ಕಲ್ಲುಕುಟಿಗ, ಮಲಗುಂಡಿ ತೆಗೆಯುವವನು ಹೀಗೆ ಒಬ್ಬೊಬ್ಬರ ಬಳಿಗೂ ಹೋಗಿ ಅವರ ಕಷ್ಟ ಕೇಳಿದರು. ರೋಗಿಯನ್ನು ಪರೀಕ್ಷಿಸುವಾಗ ನೀನು ಮಾಡುವ ಕೆಲಸವೇನು ಎಂದು ಕೇಳುವುದನ್ನು ವೈದ್ಯರು ಮರೆಯಬಾರದು ಎಂದು ಅವರು ಬೋಧಿಸಿದರು. ಅಲ್ಲಿಂದ ಈ ಶಾಸ್ತ್ರ ಬೆಳೆಯಿತು.

ನಮ್ಮ ಕನ್ನಡ ನಾಡಿನಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಕೋಲಾರದ ಚಿನ್ನದ ಗಣಿ. ಅಲ್ಲಿ ಚಿನ್ನವಿದ್ದುದು ಬೆಣಚುಕಲ್ಲಿನ ಎಳೆಗಳಲ್ಲಿ. ಬೆಣಚುಕಲ್ಲಿನಲ್ಲಿ ಸಿಲಿಕಾ ತುಂಬಿರುತ್ತದೆ. ಬೈರಿಗೆಯಿಂದ ಬಂಡೆಯನ್ನು ಕೊರೆದಾಗ, ಸಿಡಿಮದ್ದು ಸಿಡಿಸಿದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಣಗಳಿರುತ್ತವೆ. ದೊಡ್ಡ ಕಣಗಳು ಮೂಗಿನಲ್ಲಿಯೇ ನಿಲ್ಲುತ್ತವೆ. ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ಉಳಿಯುತ್ತವೆ. ಅವುಗಳ ಸುತ್ತ ಗಾಯ ಮಾಗಿದಂತೆ ಗಟ್ಟಿ ಗಂಟುಗಳು ಬೆಳೆಯುತ್ತವೆ. ಮೃದುವಾಗಿ ಹಿಗ್ಗಿ ಕುಗ್ಗಬೇಕಾದ ಶ್ವಾಸಕೋಶ ಬಿರುಸಾಗುತ್ತದೆ. ಮೊದಲು ಮೆಟ್ಟಿಲು ಹತ್ತಿದರೆ ಏದುಸಿರು, ಆಮೇಲೆ ಕುಳಿತಲ್ಲಿಯೇ ಏದುಸಿರು. ಇದೇ ಸಿಲಿಕೋಸಿಸ್. ಬಂದ ರೋಗವನ್ನು ವಾಸಿಮಾಡುವ ಔಷಧ ಇಂದಿಗೂ ಇಲ್ಲ. ಅದರ ಜೊತೆಗೆ ಕ್ಷಯವೂ ಸುಲಭವಾಗಿ ಸೇರಿಕೊಳ್ಳುತ್ತದೆ.

ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಈ ಕೋಲಾರದ ಗಣಿಯಿಂದಲೇ, 1934ರಲ್ಲಿ. 1940ರಿಂದ 1946ರವರೆಗೆ ಅಲ್ಲಿ 7,653 ಕೆಲಸಗಾರರನ್ನು ಪರೀಕ್ಷಿಸಿದಾಗ 3,402 ಜನರಲ್ಲಿ ಈ ರೋಗ ಕಂಡುಬಂದಿತು. ನೂರಕ್ಕೆ ನಲವತ್ತಮೂರಕ್ಕಿಂತ ಹೆಚ್ಚು! ಒಡವೆ ತೊಟ್ಟವರಿಗೆ ಹೊಳಪು, ಅಗೆದವರಿಗೆ ಉಬ್ಬಸ. ಆಗ ಮೈಸೂರು ಬೇರೆ ಸಂಸ್ಥಾನ; ಅಲ್ಲಿಯ ಗಣಿ ಅಂಬೇಡ್ಕರರ ಅಧಿಕಾರಕ್ಕೆ ಸೇರಿರಲಿಲ್ಲ. ಆದರೆ ಅವರು ಅಧಿಕಾರಕ್ಕೆ ಬಂದಾಗ ದೇಶದಲ್ಲಿ ದುಡಿಯುವವರ ದೇಹದ ಸ್ಥಿತಿ ಹೇಗಿತ್ತೆಂಬುದನ್ನು ಈ ಅಂಕಿಗಳು ಹೇಳುತ್ತವೆ.

1942ರ ಜುಲೈ ತಿಂಗಳಲ್ಲಿ ಡಾ. ಅಂಬೇಡ್ಕರರು ವೈಸರಾಯರ ಕಾರ್ಯಕಾರಿ ಮಂಡಳಿಗೆ ಕಾರ್ಮಿಕ ಸದಸ್ಯರಾಗಿ ನೇಮಕಗೊಂಡರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಕೇಂದ್ರ ಕಾರ್ಮಿಕ ಮಂತ್ರಿ. 1946ರವರೆಗೆ ಆ ಸ್ಥಾನದಲ್ಲಿದ್ದರು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಸರಕಾರಕ್ಕೆ ಬೇಕಾಗಿದ್ದುದು ಹೆಚ್ಚು ಬಟ್ಟೆ, ಹೆಚ್ಚು ಉಕ್ಕು, ಹೆಚ್ಚು ಕಲ್ಲಿದ್ದಲು. ದುಡಿಯುವವನು ಬಳಲಿದನೇ ಎಂದು ಕೇಳುವ ಪುರುಸೊತ್ತು ಯಾರಿಗಿತ್ತು? ಅಂಥ ಕಾಲದಲ್ಲಿ ಈ ಖಾತೆ ಅವರ ಕೈಗೆ ಬಂದಿತು. ಸರಕಾರ, ಮಾಲೀಕರು, ಕಾರ್ಮಿಕರು ಈ ಮೂವರೂ ಒಂದೇ ಮೇಜಿನ ಸುತ್ತ ಕುಳಿತು ಮಾತಾಡುವ ತ್ರಿಪಕ್ಷ ಸಮ್ಮೇಳನಗಳನ್ನು ಅವರು ನಡೆಸಿದರು. ದುಡಿಯುವವನೂ ಕುರ್ಚಿಯಲ್ಲಿ ಕುಳಿತು ತನ್ನ ಮಾತು ಹೇಳುವ ಪದ್ಧತಿಗೆ ಇದರಿಂದ ಬಲ ಬಂದಿತು.

1943ರ ಡಿಸೆಂಬರಿನಲ್ಲಿ ಅವರು ಧನಬಾದಿನ ಕಲ್ಲಿದ್ದಲ ಪ್ರದೇಶಕ್ಕೆ ಹೋದರು. ಕಚೇರಿಯಲ್ಲಿ ಕುಳಿತು ವರದಿ ತರಿಸಿಕೊಳ್ಳಬಹುದಾಗಿತ್ತು. ಹಾಗೆ ಮಾಡದೆ ತಾವೇ ಗಣಿಯೊಳಕ್ಕೆ ಇಳಿದರು. ನೆಲದ ಕೆಳಗೆ ನೂರಾರು ಅಡಿ ಆಳದಲ್ಲಿ ಕಲ್ಲಿದ್ದಲು ಹೇಗೆ ಕಡಿಯುತ್ತಾರೆ, ಹೇಗೆ ಹೊರುತ್ತಾರೆ ಎಂಬುದನ್ನು ಕಣ್ಣಾರೆ ಕಂಡರು. ಮೇಲೆ ಬಂದು ಕೂಲಿಗಳು ವಾಸಿಸುವ ಮನೆಗಳನ್ನು ನೋಡಿದರು, ಆಸ್ಪತ್ರೆಗಳನ್ನು ನೋಡಿದರು. ಮರು ತಿಂಗಳೇ, ಅಂದರೆ 1944ರ ಜನವರಿಯಲ್ಲಿ, ಕಲ್ಲಿದ್ದಲ ಗಣಿ ಕಾರ್ಮಿಕರ ಕಲ್ಯಾಣ ನಿಧಿಗಾಗಿ ಸುಗ್ರೀವಾಜ್ಞೆ ಹೊರಟಿತು. ಗಣಿಯಿಂದ ಹೊರಹೋಗುವ ಕಲ್ಲಿದ್ದಲಿನ ಮೇಲೆ ಟನ್ನಿಗೆ ಇಷ್ಟೆಂದು ಒಂದು ಸಣ್ಣ ಕರ. ಆ ಹಣದಿಂದ ಕೂಲಿಗಳಿಗೆ ಆಸ್ಪತ್ರೆ, ಮಲೇರಿಯಾ ನಿವಾರಣೆ, ಕುಡಿಯುವ ನೀರು, ಮನೆ. ಗಣಿಯ ಬಾಯಲ್ಲಿ ಸ್ನಾನದ ಮನೆ ಇರಬೇಕು, ತಾಯಂದಿರು ಕೆಲಸಕ್ಕೆ ಹೋದಾಗ ಕೂಸುಗಳನ್ನು ನೋಡಿಕೊಳ್ಳುವ ಶಿಶುವಿಹಾರ ಇರಬೇಕು ಎಂಬ ಏರ್ಪಾಡುಗಳೂ ಅವರ ಕಾಲದಲ್ಲಿಯೇ ರೂಪುಗೊಂಡವು.

ಸ್ನಾನದ ಮನೆ ಎಂದರೆ ಏನು ಮಹಾ ಎಂದು ಕೆಲವರಿಗೆ ಅನ್ನಿಸಬಹುದು. ಸ್ವಲ್ಪ ಯೋಚಿಸಿ. ಕೆಲಸ ಮುಗಿಸಿದವನು ಮೈತುಂಬ ಧೂಳು ಮೆತ್ತಿಕೊಂಡು ಮನೆಗೆ ಬಂದರೆ ಆ ಧೂಳು ಅವನೊಬ್ಬನ ಪಾಲಾಗುವುದಿಲ್ಲ. ಬಟ್ಟೆ ಕೊಡವಿ ಒಗೆಯುವ ಹೆಂಡತಿಯ ಪಾಲಾಗುತ್ತದೆ, ಓಡಿಬಂದು ತಬ್ಬುವ ಮಗುವಿನ ಪಾಲಾಗುತ್ತದೆ, ತೊಳೆಯದ ಕೈಯಿಂದ ಉಣ್ಣುವ ಅನ್ನದ ಪಾಲಾಗುತ್ತದೆ. ಕೆಲಸದ ಕೊಳೆಯನ್ನು ಕೆಲಸದ ಸ್ಥಳದಲ್ಲಿಯೇ ಬಿಟ್ಟು ಬರುವುದು ಈ ಶಾಸ್ತ್ರದ ಮೊದಲ ಪಾಠ.

ಈ ಅಧ್ಯಾಯದಲ್ಲಿ ಒಂದು ಕಠಿಣವಾದ ಪುಟವೂ ಇದೆ. ಅದನ್ನು ಮುಚ್ಚಿಡುವುದು ಉಚಿತವಲ್ಲ. ಹೆಂಗಸರನ್ನು ಗಣಿಯ ಒಳಗೆ ಇಳಿಸಬಾರದೆಂಬ ನಿಷೇಧ ಯುದ್ಧಕ್ಕೆ ಮೊದಲೇ ಜಾರಿಯಲ್ಲಿತ್ತು. ಯುದ್ಧಕಾಲದಲ್ಲಿ ಕಲ್ಲಿದ್ದಲಿನ ಕೊರತೆ ತೀವ್ರವಾದಾಗ, 1943ರಲ್ಲಿ ಸರಕಾರ ಆ ನಿಷೇಧವನ್ನು ಸಡಿಲಿಸಿತು. ದೇಶದ ಮಹಿಳಾ ಸಂಘಟನೆಗಳು ಇದನ್ನು ಪ್ರತಿಭಟಿಸಿದವು. ಕೇಂದ್ರ ಶಾಸನಸಭೆಯಲ್ಲಿ 1944ರಲ್ಲಿ ಚರ್ಚೆ ನಡೆದಾಗ, ಖಾತೆಯ ಹೊಣೆ ಹೊತ್ತ ಅಂಬೇಡ್ಕರರೇ ಸರಕಾರದ ಪರವಾಗಿ ಉತ್ತರ ಹೇಳಬೇಕಾಯಿತು. ಇದು ತಾತ್ಕಾಲಿಕ ಕ್ರಮವೆಂದೂ, ಒಂದೇ ಕೆಲಸಕ್ಕೆ ಗಂಡಸರಿಗೆಷ್ಟು ಕೂಲಿಯೋ ಹೆಂಗಸರಿಗೂ ಅಷ್ಟೇ ಕೂಲಿಯೆಂದೂ ಅವರು ಸ್ಪಷ್ಟಪಡಿಸಿದರು. ವಿರೋಧಿಸಿದವರ ಮಾತಿನಲ್ಲಿಯೂ ನ್ಯಾಯವಿತ್ತು. 1946ರ ಫೆಬ್ರವರಿಯಲ್ಲಿ ನಿಷೇಧ ಮತ್ತೆ ಜಾರಿಗೆ ಬಂದಿತು. ಅಧಿಕಾರದ ಕುರ್ಚಿಯಲ್ಲಿ ಕುಳಿತವನು ಎರಡು ಕಷ್ಟಗಳ ನಡುವೆ ಒಂದನ್ನು ಆರಿಸಬೇಕಾದ ಸಂದರ್ಭ ಬರುತ್ತದೆ. ಮಹಾಪುರುಷರ ಬದುಕನ್ನು ಓದುವಾಗ ಇಂಥ ಸಂದರ್ಭಗಳನ್ನೂ ಓದಿದರೆ ಮಾತ್ರ ನಮಗೆ ವಿವೇಕ ಬರುತ್ತದೆ.

ದುಡಿಮೆಯ ಗಂಟೆಗಳ ವಿಷಯಕ್ಕೆ ಬರೋಣ. 1934ರ ಕಾರ್ಖಾನೆ ಕಾಯ್ದೆಯ ಪ್ರಕಾರ ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆ ದುಡಿಸಬಹುದಾಗಿತ್ತು. ಅಂಬೇಡ್ಕರರು 1946ರಲ್ಲಿ ಕೇಂದ್ರ ಶಾಸನಸಭೆಗೆ ತಂದ ತಿದ್ದುಪಡಿಯಿಂದ ಅದು ವಾರಕ್ಕೆ 48 ಗಂಟೆಗೆ ಇಳಿಯಿತು. ಆರು ದಿನಗಳಿಗೆ ಹಂಚಿದರೆ ದಿನಕ್ಕೆ ಎಂಟು ಗಂಟೆ. ಇದಕ್ಕೆ ಮೊದಲು, 1945ರ ತಿದ್ದುಪಡಿಯಿಂದ, ಒಂದು ವರ್ಷ ದುಡಿದವನಿಗೆ ಸಂಬಳ ಸಹಿತವಾಗಿ ಹತ್ತು ದಿನಗಳ ರಜೆ ಕಾನೂನಿನಿಂದಲೇ ದೊರೆಯಿತು. ಬಳಲಿದ ಕೈ ಯಂತ್ರಕ್ಕೆ ಸಿಕ್ಕುತ್ತದೆ, ನಿದ್ದೆಗೆಟ್ಟ ಕಣ್ಣು ಅಪಾಯವನ್ನು ಕಾಣುವುದಿಲ್ಲ. ಆದ್ದರಿಂದ ಗಂಟೆ ಕಡಿಮೆ ಮಾಡುವುದು ದಯೆಯ ಮಾತಲ್ಲ, ಆರೋಗ್ಯದ ಮಾತು. ಧೂಳಿನಲ್ಲಿ ಕಳೆಯುವ ಗಂಟೆ ಕಡಿಮೆಯಾದಷ್ಟೂ ಶ್ವಾಸಕೋಶಕ್ಕೆ ಇಳಿಯುವ ಧೂಳೂ ಕಡಿಮೆಯಾಗುತ್ತದೆ. 1945ರಲ್ಲಿಯೇ ಕಾರ್ಖಾನೆಗಳ ಮುಖ್ಯ ಸಲಹೆಗಾರರ ಕಚೇರಿಯೊಂದು ಕಾರ್ಮಿಕ ಇಲಾಖೆಯಲ್ಲಿ ಆರಂಭವಾಯಿತು. ಕಾರ್ಖಾನೆಯ ಗಾಳಿ, ಬೆಳಕು, ಯಂತ್ರಗಳ ಸುರಕ್ಷತೆ ಇವುಗಳ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಇಂದಿನ ಸಂಸ್ಥೆ ಬೆಳೆದುಬಂದದ್ದು ಈ ಬೇರಿನಿಂದ.

ಕಾಯಿಲೆ ಬಿದ್ದ ದಿನ ಕೂಲಿಯವನ ಗತಿಯೇನು? ಇದು ಇನ್ನೊಂದು ದೊಡ್ಡ ಪ್ರಶ್ನೆ. ಅಂದಿನ ಕೂಲಿ ಅಂದಿನ ಊಟ. ಜ್ವರ ಬಂದರೆ ಔಷಧಕ್ಕೆ ಹಣವಿಲ್ಲ, ಮಲಗಿದರೆ ಒಲೆ ಹೊತ್ತುವುದಿಲ್ಲ. 1943ರಲ್ಲಿ ಸರಕಾರ ಪ್ರೊಫೆಸರ್ ಬಿ. ಪಿ. ಅಡಾರ್ಕರ್ ಅವರನ್ನು ಈ ಪ್ರಶ್ನೆಯ ಅಧ್ಯಯನಕ್ಕೆ ನೇಮಿಸಿತು. 1944ರಲ್ಲಿ ಅವರು ಕಾರ್ಖಾನೆ ಕಾರ್ಮಿಕರಿಗಾಗಿ ಆರೋಗ್ಯ ವಿಮೆಯ ಯೋಜನೆಯೊಂದನ್ನು ಒಪ್ಪಿಸಿದರು. ದುಡಿಯುವವನು ಸ್ವಲ್ಪ, ಮಾಲೀಕನು ಸ್ವಲ್ಪ ಹಣ ಕಟ್ಟುವುದು; ಕಾಯಿಲೆ, ಹೆರಿಗೆ, ಕೆಲಸದಲ್ಲಿ ಆದ ಗಾಯ ಇವುಗಳಿಗೆ ಚಿಕಿತ್ಸೆಯನ್ನೂ ಹಣವನ್ನೂ ಪಡೆಯುವುದು. ಈ ಬೀಜವೇ ಮೊಳೆತು 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯಾಯಿತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಮೊದಲಾಯಿತು. ನಾವು ಇ.ಎಸ್.ಐ. ಎಂದು ಕರೆಯುವುದು ಇದನ್ನೇ. ಹೈದರಾಬಾದಿನ ಸನತ್‌ನಗರದಲ್ಲಿ, ಕಲಬುರಗಿಯಲ್ಲಿ ಇರುವ ಇ.ಎಸ್.ಐ. ಆಸ್ಪತ್ರೆಗಳು ನಮ್ಮ ಭಾಗದ ಕೆಲವರಿಗೆ ಪರಿಚಿತವಾಗಿರಬಹುದು. ಆ ಆಸ್ಪತ್ರೆಯ ಚೀಟಿಯ ಹಿಂದೆ ಇಷ್ಟು ದೊಡ್ಡ ಕಥೆಯಿದೆ.

1946ರಲ್ಲಿ ಅವರು ಕಾರ್ಮಿಕ ಖಾತೆಯನ್ನು ಬಿಟ್ಟರು. 1947ರಲ್ಲಿ ಸ್ವತಂತ್ರ ಭಾರತದ ಮೊದಲ ಕಾನೂನು ಮಂತ್ರಿಯಾದರು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ಕಾರ್ಮಿಕ ಖಾತೆ ಬಾಬು ಜಗಜೀವನ ರಾಮ್ ಅವರ ಕೈಗೆ ಬಂದಿತು. 1948ರ ಹೊಸ ಕಾರ್ಖಾನೆ ಕಾಯ್ದೆ ಅವರ ಕಾಲದ್ದು. ಕಾರ್ಖಾನೆಯಲ್ಲಿ ಶುದ್ಧ ಗಾಳಿ ಆಡಬೇಕು, ಧೂಳು ಹೊಗೆಗಳನ್ನು ಹೀರಿ ಹೊರಹಾಕಬೇಕು, ಕುಡಿಯುವ ನೀರು, ಶೌಚಾಲಯ, ಕೈ ತೊಳೆಯುವ ಅನುಕೂಲ ಇರಬೇಕು, ತಿರುಗುವ ಯಂತ್ರಕ್ಕೆ ಬೇಲಿ ಇರಬೇಕು ಎಂದು ಅದು ವಿಧಿಸಿತು. ಒಬ್ಬರು ಹಾಕಿದ ಅಡಿಪಾಯದ ಮೇಲೆ ಇನ್ನೊಬ್ಬರು ಗೋಡೆ ಎಬ್ಬಿಸಿದರು. 2020ರಲ್ಲಿ ಸಂಸತ್ತು ಇಂಥ ಹಲವು ಹಳೆಯ ಕಾಯ್ದೆಗಳನ್ನು ಒಟ್ಟುಗೂಡಿಸಿ, ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯಕ್ಕಾಗಿ ಒಂದು ಸಂಹಿತೆಯನ್ನು ಅಂಗೀಕರಿಸಿದೆ. ಕಾಯ್ದೆಯ ಹೆಸರು ಬದಲಾಗಬಹುದು, ಅದರ ಉದ್ದೇಶ ಬದಲಾಗಬಾರದು.

ಸಂವಿಧಾನದಲ್ಲಿಯೂ ಈ ಉದ್ದೇಶಕ್ಕೆ ಸ್ಥಾನ ದೊರೆಯಿತು. ಬಲಾತ್ಕಾರದ ದುಡಿಮೆಯನ್ನು 23ನೆಯ ವಿಧಿ ನಿಷೇಧಿಸುತ್ತದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಗಣಿಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ದುಡಿಸಬಾರದೆಂದು 24ನೆಯ ವಿಧಿ ಹೇಳುತ್ತದೆ. ದುಡಿಯುವವರ ಆರೋಗ್ಯ ಮತ್ತು ಶಕ್ತಿಯ ದುರುಪಯೋಗವಾಗದಂತೆ ರಾಜ್ಯವು ನೋಡಿಕೊಳ್ಳಬೇಕೆಂದು 39ನೆಯ ವಿಧಿಯೂ, ಮಾನವೀಯವಾದ ಕೆಲಸದ ಪರಿಸ್ಥಿತಿ ಮತ್ತು ಹೆರಿಗೆಯ ನೆರವು ಇರಬೇಕೆಂದು 42ನೆಯ ವಿಧಿಯೂ ಹೇಳುತ್ತವೆ. ಮಕ್ಕಳೇ, ನೀವು ಇಂದು ಕಲ್ಲು ಹೊರದೆ ಪುಸ್ತಕ ಹೊತ್ತು ಬರುವುದರ ಹಿಂದೆ ಈ ವಿಧಿಗಳ ಬಲವೂ ಇದೆ.

ಬಾಬಾಸಾಹೇಬರಿಗೂ ನಮ್ಮ ಈ ಭಾಗಕ್ಕೂ ನಂಟಿದೆ. ನಮ್ಮ ಮೆದಕ, ಬೀದರ ಜಿಲ್ಲೆಗಳು ಸೇರಿದ್ದ ಹಳೆಯ ಹೈದರಾಬಾದ್ ರಾಜ್ಯದ ಔರಂಗಾಬಾದಿನಲ್ಲಿ 1950ರಲ್ಲಿ ಅವರು ಕಾಲೇಜು ತೆರೆದರು. ಅದೇ ಮಿಲಿಂದ ಮಹಾವಿದ್ಯಾಲಯ. 1953ರ ಜನವರಿಯಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟು ಸನ್ಮಾನಿಸಿತು. ಇತರರ ಆರೋಗ್ಯಕ್ಕಾಗಿ ಇಷ್ಟು ದುಡಿದ ಅವರ ಆರೋಗ್ಯ ಮಾತ್ರ ಕೊನೆಯ ವರ್ಷಗಳಲ್ಲಿ ಕೆಟ್ಟುಹೋಗಿತ್ತು. ಮಧುಮೇಹ ಅವರನ್ನು ಕಾಡುತ್ತಿತ್ತು. ಆದರೂ ರಾತ್ರಿಯ ಓದು ಬರಹ ನಿಲ್ಲಲಿಲ್ಲ. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿದರು. ಅದೇ ವರ್ಷ ಡಿಸೆಂಬರ್ 6ರಂದು ದೆಹಲಿಯ ನಿವಾಸದಲ್ಲಿ, ನಿದ್ರೆಯಲ್ಲಿಯೇ ಅವರ ಪ್ರಾಣ ಹೋಯಿತು. ಆಗ ಅವರಿಗೆ 65 ವರ್ಷ.

ಅವರು ತೀರಿಕೊಂಡು ದಶಕಗಳೇ ಕಳೆದಿವೆ. ಕೋಲಾರದ ಚಿನ್ನದ ಗಣಿಯನ್ನು 2001ರಲ್ಲಿ ಮುಚ್ಚಲಾಯಿತು. ಆದರೆ ಧೂಳು ಮುಗಿದಿಲ್ಲ. ಕಲ್ಲು ಪುಡಿ ಮಾಡುವಲ್ಲಿ, ಕಲ್ಲು ಕೊಯ್ಯುವಲ್ಲಿ, ಸಿಮೆಂಟು ಕಲಸುವಲ್ಲಿ, ಹತ್ತಿ ಹಿಂಜುವಲ್ಲಿ, ಬೀಡಿ ಕಟ್ಟುವಲ್ಲಿ ಇಂದಿಗೂ ಜನ ಕೆಮ್ಮುತ್ತಾರೆ. ಕಾರ್ಖಾನೆಯ ಪಟ್ಟಿಯಲ್ಲಿ ಹೆಸರಿಲ್ಲದ ಕೂಲಿಯವರಿಗೆ, ಊರೂರು ಅಲೆದು ಕಬ್ಬು ಕಡಿಯುವವರಿಗೆ ವಿಮೆಯ ಚೀಟಿ ಸಿಗುವುದು ಕಷ್ಟ. ಬಾಬಾಸಾಹೇಬರು ಆರಂಭಿಸಿದ ಕೆಲಸ ಅರ್ಧ ದಾರಿಯಲ್ಲಿದೆ ಎಂದೇ ನಾವು ತಿಳಿಯಬೇಕು.

ಹಾಗಾದರೆ ನಾವು ಮಾಡಬೇಕಾದುದೇನು? ಕಲ್ಲನ್ನು ಕೊಯ್ಯುವಾಗ, ಕೊರೆಯುವಾಗ ನೀರು ಹಾಯಿಸಿದರೆ ಧೂಳು ಏಳುವಲ್ಲಿಯೇ ಅಡಗುತ್ತದೆ. ಇದು ಎಲ್ಲಕ್ಕಿಂತ ಸುಲಭವಾದ, ಎಲ್ಲಕ್ಕಿಂತ ಫಲಕೊಡುವ ಉಪಾಯಗಳಲ್ಲಿ ಒಂದು. ಮುಚ್ಚಿದ ಕೋಣೆಯಾದರೆ ಧೂಳನ್ನು ಹೀರಿ ಹೊರಗೆ ಕಳಿಸುವ ಫ್ಯಾನು ಬೇಕು. ಮೂಗಿಗೆ ಕಟ್ಟುವ ರುಮಾಲು ಸೂಕ್ಷ್ಮ ಧೂಳನ್ನು ತಡೆಯುವುದಿಲ್ಲ. ಅದಕ್ಕೆಂದೇ ಮಾಡಿದ ಮುಖವಾಡ ಬೇಕು, ಅದೂ ಮುಖಕ್ಕೆ ಸರಿಯಾಗಿ ಕೂರಬೇಕು. ಆದರೆ ಮುಖವಾಡ ಕೊನೆಯ ರಕ್ಷಣೆಯೇ ಹೊರತು ಮೊದಲನೆಯದಲ್ಲ. ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಕೆಲಸದ ಬಟ್ಟೆಯನ್ನು ಬೇರೆ ಇಡಬೇಕು. ತಿಂಗಳುಗಟ್ಟಲೆ ಕೆಮ್ಮು ಬಿಡದಿದ್ದರೆ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಡಾಕ್ಟರು ಕೇಳಲಿ ಬಿಡಲಿ, ತಾನು ಯಾವ ಕೆಲಸವನ್ನು ಎಷ್ಟು ವರ್ಷ ಮಾಡಿದೆನೆಂದು ತಾನಾಗಿಯೇ ಹೇಳಬೇಕು. ಕಾರ್ಖಾನೆಯಲ್ಲಿ ಕೆಲಸವಾದರೆ ತನ್ನ ಹೆಸರು ವಿಮೆಯಲ್ಲಿ ಸೇರಿದೆಯೇ ಎಂದು ವಿಚಾರಿಸಬೇಕು. ವಿಚಾರಿಸುವುದು ತಪ್ಪಲ್ಲ, ಅದು ಹಕ್ಕು.

ವಿದ್ಯಾರ್ಥಿಗಳೇ, ಇವುಗಳಲ್ಲಿ ಹಲವನ್ನು ನೀವೇ ಮನೆಯಲ್ಲಿ ಓದಿ ಹೇಳಬಹುದು. ಅಪ್ಪನ ಚೀಟಿಯಲ್ಲಿ ಏನು ಬರೆದಿದೆ ಎಂದು ಓದಬಲ್ಲವರು ನೀವು. ಅವ್ವ ಎಷ್ಟು ಹೊತ್ತು ಬಿಸಿಲಿನಲ್ಲಿ, ಧೂಳಿನಲ್ಲಿ ನಿಲ್ಲುತ್ತಾಳೆ ಎಂದು ಕೇಳಬಲ್ಲವರು ನೀವು. ಓದು ಬಂದವನು ಓದು ಬಾರದವರ ಪರವಾಗಿ ನಿಲ್ಲಬೇಕೆಂಬುದನ್ನೇ ಬಾಬಾಸಾಹೇಬರು ಬದುಕಿ ತೋರಿಸಿದರು. ಚಾಳಿನ ಒಂದು ಕೋಣೆಯಲ್ಲಿ ದೀಪದ ಮುಂದೆ ಓದಿದ ಹುಡುಗ, ಮುಂದೆ ಮಂತ್ರಿಯಾಗಿ ಗಣಿಯ ಕತ್ತಲೆಗೆ ಇಳಿದು ಅಲ್ಲಿಯವರ ಕಷ್ಟವನ್ನು ನೋಡಿ ಬಂದ. ಮುಂದಿನ ಏಪ್ರಿಲ್ 14ರಂದು ಅವರ ಭಾವಚಿತ್ರಕ್ಕೆ ಹಾರ ಹಾಕುವಾಗ ಇದನ್ನೂ ನೆನೆಯೋಣ. ನಮ್ಮ ಊರಿನ ದುಡಿಯುವ ಜನ ನೆಮ್ಮದಿಯಾಗಿ ಉಸಿರಾಡುವಂತಾದರೆ, ಅದೇ ನಾವು ಅವರಿಗೆ ಸಲ್ಲಿಸುವ ನಿಜವಾದ ಗೌರವ.